ಹಳದಿ ದೀಪದ ಮಾತು

ಭೈರವಾನಿತಿಪ್ಪದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಈಗ ಅಲ್ಲೊಂದು ಇಲ್ಲೊಂದು ಮನೆಯ ಮುಂದೆ ಕಾರು ನಿಂತಿರುತ್ತದೆ. ಎಷ್ಟೋ ಕಾರುಗಳು ಎರಡನೆಯ ಕೈಯವು. ಮದುವೆಗೆ ಹೊರಟರೂ ಅದೇ, ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಬಳ್ಳಾರಿಗೆ ಓಡುವುದೂ ಅದರಲ್ಲೇ. ಅಂಥ ಕಾರಿನ ಸ್ಟೇರಿಂಗಿನ ಹಿಂದೆ ಒಂದು ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಒಂದು ಪುಟ್ಟ ಕಾರು, ಅದರ ಕೆಳಗೆ ಹಾವಿನ ಹಾಗೆ ಎರಡು ಗೆರೆ. ಅದನ್ನು ಓದಲು ಕನ್ನಡವೂ ಬೇಡ, ತೆಲುಗೂ ಬೇಡ. ‘ಚಕ್ರ ಜಾರುತ್ತದೆ, ಜೋಕೆ’ ಎಂಬುದು ಅದರ ಅರ್ಥ. ಟ್ರ್ಯಾಕ್ಷನ್ ಕಂಟ್ರೋಲ್ ಎಂದು ಇದರ ಹೆಸರು.

2022ರ ಮಳೆಗಾಲ ನಿಮಗೆ ನೆನಪಿರಬಹುದು. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಹರಿದ ವರ್ಷ ಅದು. ನಮ್ಮ ವೇದಾವತಿಗೂ ಆ ನೀರೇ ಇಳಿದು ಬರಬೇಕು. ದಾರಿಯೆಲ್ಲ ಕೆಸರು. ಆಗಲೇ ನನ್ನ ಕಾರಿನಲ್ಲಿ ಈ ದೀಪ ಹೊತ್ತಿತು. ಪಕ್ಕದಲ್ಲಿ ಎಬಿಎಸ್ ಎಂಬ ಇನ್ನೊಂದು ಹಳದಿ ದೀಪವೂ ಹೊತ್ತಿತು. ವಾರಕ್ಕೆರಡು ಸಲ ತಾಯಿಯನ್ನು ಡಯಾಲಿಸಿಸ್‌ಗೆ ಬಳ್ಳಾರಿಗೆ ಕರೆದೊಯ್ಯಬೇಕಿತ್ತು. ರಾಯದುರ್ಗದಿಂದ ಸುಮಾರು 50 ಕಿಲೋಮೀಟರ್ ದಾರಿ, ತಪ್ಪಿಸುವ ಹಾಗಿಲ್ಲ. ಒಂದು ವರ್ಕ್‌ಷಾಪಿನಲ್ಲಿ ಬಾನೆಟ್ ಎತ್ತಿ ನೋಡಿ, ‘ಇಡೀ ಕಂಟ್ರೋಲ್ ಯೂನಿಟ್ಟೇ ಬದಲಿಸಬೇಕು’ ಎಂದರು. ಹೇಳಿದ ಮೊತ್ತ ಒಂದು ಬೆಳೆಯ ಶೇಂಗಾದ ಹಣ. ಮತ್ತೊಬ್ಬರು, ‘ದೀಪದ ಮೇಲೆ ಕರಿ ಟೇಪು ಅಂಟಿಸಿಬಿಡಿ’ ಎಂದರು. ಎರಡೂ ಮಾತು ತಪ್ಪೆಂದು ತಿಳಿಯುವ ಹೊತ್ತಿಗೆ ಹತ್ತು ದಿನ ಕಳೆದಿತ್ತು. ಆ ತಪ್ಪು ನಿಮಗೆ ಆಗಬಾರದೆಂದು ಈ ನಾಲ್ಕು ಮಾತು.

ಮೊದಲು ಕೆಲಸ ಹೇಗೆಂದು ತಿಳಿಯೋಣ. ನಾಲ್ಕು ಚಕ್ರಗಳ ಬಳಿ ನಾಲ್ಕು ಸೆನ್ಸರುಗಳಿವೆ. ಯಾವ ಚಕ್ರ ಎಷ್ಟು ವೇಗವಾಗಿ ಸುತ್ತುತ್ತಿದೆ ಎಂದು ಅವು ಸದಾ ಹೇಳುತ್ತಿರುತ್ತವೆ. ಕೆಸರಿನಲ್ಲಿ ಒಂದು ಚಕ್ರ ಸುಮ್ಮನೆ ತಿರುಗಲು ಶುರುವಾದರೆ, ಆ ಚಕ್ರಕ್ಕೆ ಬ್ರೇಕು ಹಿಡಿದು, ಇಲ್ಲವೇ ಎಂಜಿನ್ನಿನ ಬಲ ತಗ್ಗಿಸಿ ಕಾರನ್ನು ಹದಕ್ಕೆ ತರುತ್ತದೆ. ಗಟ್ಟಿಯಾಗಿ ಬ್ರೇಕು ತುಳಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡುವ ಎಬಿಎಸ್‌ಗೂ ಇದೇ ಸೆನ್ಸರುಗಳು. ಹಾಗಾಗಿಯೇ ಒಂದು ತಂತಿ ಹರಿದರೆ ಎರಡು ದೀಪ ಹೊತ್ತುತ್ತವೆ. ನಮ್ಮ ದೇಶದಲ್ಲಿ ಹೊಸ ಮಾದರಿಯ ಕಾರುಗಳಿಗೆ 2018ರ ಏಪ್ರಿಲ್‌ನಿಂದ, ಮಿಕ್ಕವಕ್ಕೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಯಿತು.

ದೀಪ ಮಿಣುಕುವುದು ಬೇರೆ, ನಿಂತು ಉರಿಯುವುದು ಬೇರೆ. ಜಾರುವ ಜಾಗದಲ್ಲಿ ಮಿಣುಕಿದರೆ ಅದು ತನ್ನ ಕೆಲಸ ಮಾಡುತ್ತಿದೆ. ವೇಗ ತಗ್ಗಿಸಿ, ಸಾಕು. ನಿಂತು ಉರಿದರೆ ಅದು ಕೆಲಸ ಬಿಟ್ಟಿದೆ. ‘ಆಫ್’ ಎಂದು ತೋರಿಸಿದರೆ ಯಾರಾದರೂ ಗುಂಡಿ ಒತ್ತಿರಬಹುದು. ಇನ್ನೊಮ್ಮೆ ಒತ್ತಿ ನೋಡಿ. ಹಳದಿ ದೀಪದಲ್ಲಿ ಸಾಮಾನ್ಯ ಬ್ರೇಕು ಇರುತ್ತದೆ. ನಿಧಾನವಾಗಿ, ಅಂತರ ಬಿಟ್ಟು ಹೋಗಬಹುದು. ಕೆಂಪು ಬ್ರೇಕ್ ದೀಪ ಹೊತ್ತಿದರೆ ಹ್ಯಾಂಡ್‌ಬ್ರೇಕು ಬಿಟ್ಟಿದೆಯೇ ನೋಡಿ. ಬಿಟ್ಟಿದ್ದರೂ ಉರಿಯುತ್ತಿದ್ದರೆ ಗಾಡಿ ನಿಲ್ಲಿಸಿ. ಆಗ ಮುಂದೆ ಹೋಗಬಾರದು.

ಇನ್ನು ಮನೆಯಲ್ಲೇ ನೋಡಬಹುದಾದವು. ನಾಲ್ಕು ಟೈರಿನ ಗಾಳಿ ಸಮವಾಗಿದೆಯೇ? ಅಳತೆ ಒಂದೇ ಇದೆಯೇ? ಗಾಳಿ ಇಳಿದ ಚಕ್ರ, ಚಿಕ್ಕ ಚಕ್ರದ ಹಾಗೆ ಹೆಚ್ಚು ಸುತ್ತುತ್ತದೆ. ಯಂತ್ರ ಅದನ್ನು ಜಾರುವಿಕೆ ಎಂದು ತಿಳಿಯಬಹುದು. ಬ್ರೇಕು ತುಳಿದಾಗ ಹಿಂದಿನ ದೀಪ ಹತ್ತುತ್ತದೆಯೇ? ಪೆಡಲಿನ ಸ್ವಿಚ್ಚು ಕೆಟ್ಟರೂ ಈ ದೀಪ ಬರುತ್ತದೆ. ಬ್ಯಾಟರಿ ಬದಲಿಸಿದ ಮೇಲೆ ಬಂದರೆ, ಅನೇಕ ಕಾರುಗಳಲ್ಲಿ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಸ್ವಲ್ಪ ದೂರ ನೇರ ಓಡಿಸಿದರೆ ಹೋಗುತ್ತದೆ. ಎಂಜಿನ್ ದೀಪವೂ ಜೊತೆಗಿದ್ದರೆ ಮೊದಲು ಎಂಜಿನ್ನಿನ ದೋಷ ನೋಡಿಸಿ.

ಇಷ್ಟಾದರೂ ಹೋಗದಿದ್ದರೆ ಮೆಕ್ಯಾನಿಕ್ಕನ್ನು ಒಂದೇ ಪ್ರಶ್ನೆ ಕೇಳಿ: ‘ಯಾವ ಚಕ್ರ?’ ಉತ್ತರ ಬರುವ ತನಕ ಏನನ್ನೂ ಬದಲಿಸಲು ಒಪ್ಪಬೇಡಿ. ಎಬಿಎಸ್ ಓದಬಲ್ಲ ಸ್ಕ್ಯಾನರ್ ಬೇಕು. ಅಗ್ಗದ ಯಂತ್ರಗಳಲ್ಲಿ ಹಲವು ಎಂಜಿನ್ನನ್ನು ಮಾತ್ರ ಓದುತ್ತವೆ. ಸ್ಕ್ಯಾನರ್ ಹಾಕಿಕೊಂಡು 20 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ನಾಲ್ಕು ಚಕ್ರಗಳೂ ಸುಮಾರು 20 ಎನ್ನಬೇಕು. ನನ್ನ ಕಾರಿನಲ್ಲಿ ಮೂರು ಹಾಗೆಂದವು, ಮುಂದಿನ ಎಡಚಕ್ರ ಸೊನ್ನೆ ಎಂದಿತು. ಚಕ್ರ ಬಿಚ್ಚಿದರೆ, ತಂತಿಯ ಕ್ಲಿಪ್ಪು ಕೆಸರಿನ ಭಾರಕ್ಕೆ ಕಳಚಿ, ತಿರುವಿನಲ್ಲೆಲ್ಲ ಟೈರು ಉಜ್ಜಿ ತಂತಿ ತುಂಡಾಗಿತ್ತು. ತಂತಿಸಮೇತ ಹೊಸ ಸೆನ್ಸರು, ಒಂದು ಕ್ಲಿಪ್ಪು — ದೀಪ ಆರಿತು. ಕೇಳಿದ್ದ ಹಣದಲ್ಲಿ ಹತ್ತನೆಯ ಪಾಲೂ ಆಗಲಿಲ್ಲ. ತಂತಿಯನ್ನು ಇಲಿ ಕಡಿದಿರುವುದೂ ಉಂಟು. ಕಣಜದ ಪಕ್ಕ ಕಾರು ನಿಲ್ಲಿಸುವವರು ಗಮನಿಸಿ.

ಕೊನೆಯದಾಗಿ ಹಳೆಯ ಕಾರು ಕೊಳ್ಳುವವರಿಗೆ ಒಂದು ಕಿವಿಮಾತು. ಕೀಲಿ ತಿರುಗಿಸಿದಾಗ ಈ ದೀಪಗಳು ಒಂದೆರಡು ಕ್ಷಣ ಹೊತ್ತಿ ಆರಬೇಕು. ಹೊತ್ತಲೇ ಇಲ್ಲವೆಂದರೆ ಸಂತೋಷಪಡಬೇಡಿ. ಯಾರೋ ಅದರ ಬಾಯಿ ಕಟ್ಟಿರಬಹುದು.

ಆ ಹತ್ತು ದಿನದಲ್ಲಿ ಒಂದು ಸಂಜೆ, ಮಳೆಯಲ್ಲಿ ಎಮ್ಮೆ ಅಡ್ಡ ಬಂದು ಬ್ರೇಕು ತುಳಿದಾಗ ಚಕ್ರ ಕಚ್ಚಿ ಕಾರು ಪಕ್ಕಕ್ಕೆ ಜಾರಿತು. ಹಿಂದಿನ ಸೀಟಿನಲ್ಲಿ ತಾಯಿ ಇದ್ದಳು. ಏನೂ ಆಗಲಿಲ್ಲ. ‘ದೀಪ ಮೊದಲೇ ಹೇಳಿತ್ತಲ್ಲೋ’ ಎಂದಳು ಅಷ್ಟೆ. ಅವಳು ಹೇಳಿದ್ದನ್ನೇ ನಿಮಗೂ ಹೇಳಿ ಮುಗಿಸುತ್ತೇನೆ.