ಮರಗಟ್ಟಿಸುವ ಮದ್ದು, ಖಾಲಿ ಪ್ಲೇಟು

ಇಂದು ವೈದ್ಯರಾಗಿ, ದಾದಿಯರಾಗಿ, ಲ್ಯಾಬ್ ತಂತ್ರಜ್ಞರಾಗಿ ಹೊರಡುತ್ತಿರುವ ಗೆಳೆಯರೇ,

ಘಟಿಕೋತ್ಸವದಲ್ಲಿ ದೊಡ್ಡ ಮಾತು ಆಡುವುದು ರೂಢಿ. ನಾನು ಸೂಕ್ಷ್ಮಜೀವಿಶಾಸ್ತ್ರದವನು, ಕಣ್ಣಿಗೆ ಕಾಣದಷ್ಟು ಚಿಕ್ಕದೇ ನನ್ನ ಕಸುಬು. ಹಾಗಾಗಿ ಒಂದು ಹನಿ ಮದ್ದಿನ ಬಗ್ಗೆ ಮಾತಾಡುತ್ತೇನೆ.

ಭತ್ತದ ಹೊಟ್ಟು ಸಿಡಿದೋ ಕಬ್ಬಿನ ಗರಿ ತಾಗಿಯೋ ಕಾರ್ನಿಯಾದಲ್ಲಿ ಹುಣ್ಣಾದ ರೈತರನ್ನು ನೀವು ನೋಡೇ ನೋಡುತ್ತೀರಿ. ಒಳಗಿರುವುದು ಬ್ಯಾಕ್ಟೀರಿಯಾವೋ, ಫ್ಯುಸೇರಿಯಮ್, ಆಸ್ಪರ್ಜಿಲ್ಲಸ್‌ನಂಥ ಶಿಲೀಂಧ್ರವೋ ಗೊತ್ತಾಗದಿದ್ದರೆ ಕಣ್ಣೇ ಹೋದೀತು. ಗೊತ್ತಾಗಬೇಕಾದರೆ ಹುಣ್ಣನ್ನು ಕೆರೆದು ಬಂದದ್ದನ್ನು ಕಲ್ಚರ್‌ಗೆ ಹಾಕಬೇಕು, ಅಂದರೆ ಪ್ಲೇಟಿನಲ್ಲಿ ಬೆಳೆಸಬೇಕು. ಕೆರೆಯಬೇಕಾದರೆ ಮೊದಲು ಕಣ್ಣು ಮರಗಟ್ಟಬೇಕು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಯಿಂದ ಕಣ್ಣಿನ ನೋವು ಕಳೆದಂದಿನಿಂದ ಇದು ನಮಗೆ ಸಲೀಸಾಗಿದೆ. ತೊಡಕೇನೆಂದರೆ, ನೋವು ಕಳೆಯುವ ಹನಿಗೆ ರೋಗಾಣುವನ್ನು ತಡೆಯುವ ಗುಣವೂ ಇದೆ; ಹುಣ್ಣಿನಲ್ಲಿ ರೋಗಾಣುವಿದ್ದರೂ ಪ್ಲೇಟು ಖಾಲಿ ಉಳಿದೀತು. ಆ ಗುಣ ಟೆಟ್ರಕೇನ್‌ ಹನಿಗೆ ಹೆಚ್ಚು, ಪ್ರೊಪಾರಕೇನ್‌ಗೆ ಕಡಿಮೆ. ಕೆರೆಯುವ ಮುಂಚೆ ಕಣ್ಣಿನ ವೈದ್ಯರು ಸಾಮಾನ್ಯವಾಗಿ 0.5% ಪ್ರೊಪಾರಕೇನ್ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ನರದ ಸೋಡಿಯಂ ನಾಳಗಳನ್ನು ಮುಚ್ಚಿ ನೋವು ತಡೆಯುವ ಈ ಮದ್ದುಗಳು, ಸಾಂದ್ರತೆ ಹೆಚ್ಚಿದ್ದರೆ ಬ್ಯಾಕ್ಟೀರಿಯಾದ ಪೊರೆಯನ್ನೂ ಕೆಡಿಸುತ್ತವೆ, ಒಳಗಿನದು ಸೋರಿಹೋಗುತ್ತದೆ. ಚುಚ್ಚಿ ಕೊಡುವ ಲಿಗ್ನೊಕೇನ್, ಬುಪಿವಕೇನ್ ಎರಡಕ್ಕೂ ಈ ಗುಣವಿದೆ, ರೋಪಿವಕೇನ್‌ಗೆ ಅಷ್ಟಿಲ್ಲ. ಇನ್ನು ವಾರ್ಡಿನಲ್ಲಿ ಹಲವು ಸಲ ಸೂಜಿ ಚುಚ್ಚಿ ಬಳಸುವ ದೊಡ್ಡ ಬಾಟಲಿಯ ಲಿಗ್ನೊಕೇನ್‌ಗೆ ಸಾಮಾನ್ಯವಾಗಿ ಮಿಥೈಲ್‌ಪ್ಯಾರಬೆನ್ ಸೇರಿರುತ್ತದೆ. ಬಾಟಲಿಯಲ್ಲಿ ಏನೂ ಬೆಳೆಯಬಾರದೆಂದೇ ಹಾಕಿದ ವಸ್ತು ಅದು. ನಮ್ಮ ಪ್ಲೇಟಿಗೆ ಬಂದಾಗ ಮಾತ್ರ ಸುಮ್ಮನಿರು ಎಂದರೆ ಕೇಳುತ್ತದೆಯೇ?

ಊದಿದ ಮೊಣಕಾಲಿನಿಂದ ನೀರು ತೆಗೆಯುವಾಗ ಚರ್ಮ ಮತ್ತು ಅದರ ಕೆಳಗಿನ ಪದರಕ್ಕಷ್ಟೇ ಮದ್ದು ಕೊಡಿ. ಕೀಲಿನೊಳಕ್ಕೆ ಬಿಡಬೇಡಿ; ನೀರು ಎಳೆಯಲು ಸೂಜಿ, ಸಿರಿಂಜ್ ಎರಡನ್ನೂ ಬದಲಿಸಿ. ಅದೇ ಸಿರಿಂಜಿನಲ್ಲಿ ಉಳಿದ ಲಿಗ್ನೊಕೇನ್ ಜೊತೆ ಬಂದ ಮಾದರಿಯನ್ನು ಲ್ಯಾಬಿನವರು ನೋಡಿ ಗುರುತಿಸಲಾರರು, ಲಿಗ್ನೊಕೇನ್‌ಗೆ ತನ್ನದೇ ಬಣ್ಣವಿಲ್ಲ. ಬ್ರಾಂಕೋಸ್ಕೋಪಿಯಲ್ಲೂ ಇದೇ ಕಥೆ: ಗಂಟಲಿಗೆ, ಶ್ವಾಸನಾಳಕ್ಕೆ ಚಿಮುಕಿಸಿದ ಲಿಗ್ನೊಕೇನ್ ತೊಳೆದು ತೆಗೆದ ದ್ರವದಲ್ಲಿ ಬೆರೆಯುತ್ತದೆ.

ಇದನ್ನು ಕೇಳಿ ಯಾರೂ ರೋಗಿಗೆ ಅರಿವಳಿಕೆ ತಪ್ಪಿಸಬೇಡಿ. ಕಲ್ಚರ್ ಚೆಂದ ಬರಲೆಂದು ಮನುಷ್ಯನನ್ನು ಒದ್ದಾಡಿಸುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯ. ಮದ್ದಿನ ಪ್ರಭಾವ ಅದರ ಸಾಂದ್ರತೆ, ಬೆರೆತಿದ್ದ ಹೊತ್ತು, ರೋಗಾಣುವಿನ ಜಾತಿ ಇವುಗಳ ಮೇಲೆ ನಿಂತಿದೆ. ಹೆಚ್ಚು ದ್ರವದಲ್ಲಿ ಬೆರೆತು ತೆಳುವಾದರೆ ಅಷ್ಟೇನೂ ಉಳಿಯದು. ಖಾಲಿ ಪ್ಲೇಟಿಗೆಲ್ಲ ಲಿಗ್ನೊಕೇನನ್ನೇ ದೂರುವುದೂ ತಪ್ಪು. ಮೆಡಿಕಲ್ ಶಾಪಿನಿಂದ ತಾನೇ ಕೊಂಡು ನುಂಗಿದ ಆಂಟಿಬಯಾಟಿಕ್ ಇದಕ್ಕಿಂತ ದೊಡ್ಡ ಅಪರಾಧಿ. ಅದನ್ನು ರೋಗಿ ತಾನಾಗಿ ಹೇಳುವುದೂ ಇಲ್ಲ, ನಾವು ಕೇಳುವುದೂ ಇಲ್ಲ.

ಲ್ಯಾಬಿಗೆ ಸೇರುವವರಿಗೆ ಒಂದು ಮಾತು. ಗ್ರಾಂ ಸ್ಟೇನ್‌ನಲ್ಲಿ ಬ್ಯಾಕ್ಟೀರಿಯಾ ಕಂಡು ಪ್ಲೇಟಿನಲ್ಲಿ ಏನೂ ಬೆಳೆಯದಿದ್ದರೆ 'ನೋ ಗ್ರೋತ್' ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ಸ್ಟೇನ್‌ನಲ್ಲಿ ಕಂಡದ್ದನ್ನೂ ಬರೆದು ವಾರ್ಡಿಗೆ ಫೋನ್ ಮಾಡಿ. ವಾರ್ಡಿಗೆ ಹೋಗುವವರು ಮಾದರಿಯ ಜೊತೆ ಕಳಿಸುವ ಫಾರ್ಮಿನಲ್ಲಿ ಯಾವ ಅರಿವಳಿಕೆ, ಎಷ್ಟು ಪರ್ಸೆಂಟ್, ಎಲ್ಲಿಗೆ ಕೊಟ್ಟಿರಿ, ಆಂಟಿಬಯಾಟಿಕ್ ಶುರುವಾಗಿತ್ತೇ ಎಂದು ಬರೆಯಿರಿ. ಅದಕ್ಕೆ ಕಾಲಂ ಇಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ. ಅಕ್ಷರ ಮಾತ್ರ, ದಯವಿಟ್ಟು, ಓದಲು ಬರುವಂತಿರಲಿ.