ಭಯದ ಕಾಯಿಲೆ ಈಮಾನಿನ ಕೊರತೆಯಲ್ಲ



ಹಿಂದೊಮ್ಮೆ ತರಾವೀಹ್ ನಡುವೆ ಯುವಕನೊಬ್ಬ ಸಫ್ ಬಿಟ್ಟು ಹೊರಗೋಡಿದ. ಎದೆ ಡವಗುಟ್ಟುತ್ತಿತ್ತು, ಮೈಯೆಲ್ಲ ಬೆವರು, ಸತ್ತೇಹೋಗುವೆನೆಂಬ ಭಯ. ಹೃದಯ ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. ‘ಈಮಾನ್ ಗಟ್ಟಿ ಮಾಡಿಕೋ’ ಎಂದುಬಿಟ್ಟೆ. ಅದು ನನ್ನ ತಪ್ಪು. ಅವನ ತಾಯಿಗೂ ಇದೇ ತೊಂದರೆಯಿತ್ತು; ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮನೆಯವರು ಮುಚ್ಚಿಟ್ಟಿದ್ದರು. ಅವರ ಒಪ್ಪಿಗೆಯಿಂದಲೇ ಇದನ್ನು ಹೇಳುತ್ತಿದ್ದೇನೆ.

ವೈದ್ಯರು ಇದನ್ನು ಪ್ಯಾನಿಕ್ ಡಿಸಾರ್ಡರ್ ಎನ್ನುತ್ತಾರೆ. ಅವಳಿಗಳ ಅಧ್ಯಯನಗಳ ಪ್ರಕಾರ, ಈ ಕಾಯಿಲೆಗೆ ತುತ್ತಾಗುವುದರಲ್ಲಿ ಜನರ ನಡುವೆ ಇರುವ ವ್ಯತ್ಯಾಸಕ್ಕೆ ಸುಮಾರು ಶೇ. 40ರಷ್ಟು ಕಾರಣ ಅನುವಂಶೀಯತೆ. ಉಳಿದದ್ದು ಬದುಕಿನ ಅನುಭವಗಳು. ಯಾವುದೋ ಒಂದು ಜೀನ್ ಅಲ್ಲ, ಹಲವು ಜೀನ್‌ಗಳು ಸ್ವಲ್ಪಸ್ವಲ್ಪವಾಗಿ ಕೂಡಿಕೊಳ್ಳುತ್ತವೆ. ತಾಯಿಗಿದ್ದರೆ ಮಗನಿಗೆ ಬರಲೇಬೇಕೆಂದಿಲ್ಲ. ಬಂದರೆ ಅದು ಯಾರ ಪಾಪವೂ ಅಲ್ಲ.

ಅಲ್ಲಾಹನು ಪ್ರತಿ ರೋಗಕ್ಕೂ ಶಮನವನ್ನು ಇಳಿಸಿದ್ದಾನೆಂದು ಪ್ರವಾದಿ(ಸ) ಕಲಿಸಿದರು. ಚಿಂತೆ, ದುಃಖಗಳಿಂದ ಸ್ವತಃ ಅವರೇ ಅಲ್ಲಾಹನ ಅಭಯ ಬೇಡುತ್ತಿದ್ದರು. ದುಆ ಬಿಡಬೇಡಿ, ಚಿಕಿತ್ಸೆಯನ್ನೂ ಬಿಡಬೇಡಿ. ಆಪ್ತ ಸಮಾಲೋಚನೆ, ಮಾತ್ರೆಗಳಿಂದ ಬಹಳಷ್ಟು ಜನ ಸುಧಾರಿಸುತ್ತಾರೆ. ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ‘ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ?’ ಎಂದು ವೈದ್ಯರು ಕೇಳಿದರೆ ಸತ್ಯ ಹೇಳಿ. ಬಾಗಿಲ ಬಳಿಯೇ ನಮಾಝಿಗೆ ನಿಲ್ಲುವವನನ್ನು ಮುಂದಕ್ಕೆ ಎಳೆಯಬೇಡಿ.

ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ. ಆಮೀನ್.