ಕಾಯಕವೂ ಕೂಲಿಯ ನಿಷ್ಕರ್ಷೆಯೂ



ಕಾಯಕದ ಮಹಿಮೆಯನ್ನು ಕುರಿತು ಧರ್ಮಸಭೆಗಳಲ್ಲಿ ಬಹಳವಾಗಿ ಪ್ರಸಂಗಿಸುವುದುಂಟು. ಆದರೆ ಕಾಯಕಕ್ಕೆ ಸಲ್ಲತಕ್ಕ ಕೂಲಿ ಎಷ್ಟು, ಅದನ್ನು ಗೊತ್ತುಮಾಡುವ ಬಗೆ ಯಾವುದು ಎಂಬ ವಿಚಾರವು ಅಷ್ಟಾಗಿ ಪ್ರಸ್ತಾಪಕ್ಕೆ ಬರುವುದಿಲ್ಲ. ಹಣದ ಮಾತು ಇಂತಹ ಸ್ಥಳಕ್ಕೆ ತಕ್ಕುದಲ್ಲವೆಂಬ ಸಂಕೋಚವೇ ಇದಕ್ಕೆ ಕಾರಣವಾಗಿರಬಹುದು. ಆ ಸಂಕೋಚದ ಫಲವನ್ನು ಉಣ್ಣುವವನಾದರೋ, ಮೇಸ್ತ್ರಿಯ ಕೈಕೆಳಗಿನ ದಿನಗೂಲಿಯನ್ನು ಬಿಟ್ಟು ಸ್ವತಂತ್ರವಾಗಿ ಕೆಲಸ ಹಿಡಿಯುವ ಬಡಗಿ, ಗಾರೆಯವನು, ಕಮ್ಮಾರನು, ಇವರೇ ಮೊದಲಾದ ಕುಶಲಕರ್ಮಿಗಳು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರಿದ್ದರು, ಮರಗೆಲಸದ ಬಾಚಿಕಾಯಕದ ಬಸವಯ್ಯನವರಿದ್ದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತರಲು, ಲಕ್ಕಮ್ಮನವರು ಆ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದರೆಂಬ ಕಥೆಯು ಆಬಾಲವೃದ್ಧರಿಗೂ ತಿಳಿದದ್ದೇ. ಇದನ್ನು ಅತಿಯಾಸೆಯ ನಿಷೇಧವೆಂದು ಮಾತ್ರ ಗ್ರಹಿಸುವುದು ರೂಢಿ. ಆದರೆ ಹೆಚ್ಚಾಯಿತೆಂದು ಹೇಳಬೇಕಾದರೆ, ಮನೆಗೂ ದಾಸೋಹಕ್ಕೂ ಸಾಕಾಗುವ ಅಳತೆಯು ಆ ತಾಯಿಗೆ ಮೊದಲೇ ಗೊತ್ತಿದ್ದಿರಬೇಕಷ್ಟೆ. ಇಂದಿನ ಕುಶಲಕರ್ಮಿಗೆ ಕೊರತೆಯಾಗಿರುವುದು ಈ ಅಳತೆಯೇ. ಹೆಚ್ಚು ಕೇಳಿದರೆ ಪಾಪವೆಂದು ಬಲ್ಲವನು, ಕಡಮೆ ಕೇಳಿದರೆ ಹೆಂಡಿರುಮಕ್ಕಳ ಪಾಲನ್ನು ಕಳೆದಂತಾಗುವುದೆಂಬುದನ್ನು ಎಣಿಸುವುದೇ ಇಲ್ಲ.

ಉದಾಹರಣೆಗೆ ಒಬ್ಬ ಬಡಗಿಯನ್ನು ತೆಗೆದುಕೊಳ್ಳಬಹುದು. ಲೆಕ್ಕದ ಸೌಕರ್ಯಕ್ಕಾಗಿ, ಅವನು ಮೇಸ್ತ್ರಿಯ ಬಳಿ ದಿನಕ್ಕೆ 900 ರೂಪಾಯಿಯಂತೆ ವರ್ಷದಲ್ಲಿ 280 ದಿನ ದುಡಿಯುತ್ತಿದ್ದನೆಂದು ಇಟ್ಟುಕೊಳ್ಳೋಣ. ಮನೆಗೆ ಬರುತ್ತಿದ್ದದ್ದು 2,52,000 ರೂಪಾಯಿ. ಸ್ವತಂತ್ರನಾದ ಮೇಲೂ ಅವನು ಅದೇ 900 ರೂಪಾಯಿಯನ್ನು ಕೇಳುತ್ತಾನೆ, ಹಳೆಯ ಕೂಲಿಯೇ ನ್ಯಾಯವಾದ ಬೆಲೆಯೆಂದು ಅವನ ಭಾವನೆ. ಆದರೆ ಹಿಂದೆ ಕೆಲಸವನ್ನು ಹುಡುಕುತ್ತಿದ್ದವನೂ, ಗಿರಾಕಿಯ ಮನೆಗೆ ಅಲೆಯುತ್ತಿದ್ದವನೂ, ಬಾರದ ಬಾಕಿಗೆ ತಲೆಕೊಡುತ್ತಿದ್ದವನೂ ಮೇಸ್ತ್ರಿಯಾಗಿದ್ದನು. ಈಗ ಆ ಹೊರೆಯೆಲ್ಲ ಇವನ ಹೆಗಲಿಗೇ ಬಂದಿದೆ.

ಮೊದಲು ದಿನಗಳ ಲೆಕ್ಕ. ವರ್ಷದ 365 ದಿನಗಳಲ್ಲಿ ವಾರದ ಬಿಡುವು 52 ದಿನ. ಹಬ್ಬ, ಜಾತ್ರೆ, ಮದುವೆ, ಕಾಯಿಲೆಗಳಿಗೆ 25 ದಿನವೆಂದರೆ ಹೆಚ್ಚಲ್ಲ. ಅಳತೆ ತೆಗೆಯುವುದು, ಅಂದಾಜು ಬರೆದುಕೊಡುವುದು, ಮರ ಮೊಳೆ ಕೊಳ್ಳುವುದು, ಬಾಕಿ ವಸೂಲಿಗೆ ತಿರುಗುವುದು, ಇವೆಲ್ಲಕ್ಕೆ 50 ದಿನ. ಇವೂ ಕೆಲಸವೇ ಸರಿ, ಆದರೆ ಇವಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಆಷಾಢದಲ್ಲಿ ಗೃಹಕೃತ್ಯವನ್ನು ಆರಂಭಿಸಲು ಜನರು ಹಿಂಜರಿಯುವುದರಿಂದಲೂ, ಮಳೆಯಿಂದಲೂ ಸುಮ್ಮನೆ ಕಳೆಯುವ ದಿನಗಳು 18. ಕೂಲಿ ಹುಟ್ಟುವ ದಿನಗಳಾಗಿ ಉಳಿದವು 220 ಮಾತ್ರ.

ಇನ್ನು ವೆಚ್ಚ. ಕೊರೆಯುವ, ಕೊಯ್ಯುವ, ಹತ್ತರಿ ಹೊಡೆಯುವ ವಿದ್ಯುತ್ ಯಂತ್ರಗಳಿಗೆ 60,000 ರೂಪಾಯಿಯಾಗಿ, ಅವು ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 15,000 ಸವೆಯಿತೆಂದೇ ಅರ್ಥ. ಅಲಗು, ಉಜ್ಜುಕಾಗದ, ಸಾಣೆಗಳಿಗೆ 12,000. ವಾಹನದ ಪೆಟ್ರೋಲು, ರಿಪೇರಿಗೆ 30,000. ದೂರವಾಣಿ, ಕಾಗದಗಳಿಗೆ 4,000. ವಿಮೆಗೂ ಮುಪ್ಪಿನ ಕಾಲಕ್ಕೆ ಕೂಡಿಡುವುದಕ್ಕೂ 24,000. ಮುಳುಗಿದ ಬಾಕಿ, ಕೆಟ್ಟು ಮತ್ತೆ ಮಾಡಿಕೊಟ್ಟ ಕೆಲಸ, ಇವುಗಳಿಗೆ 15,000. ಒಟ್ಟು ಒಂದು ಲಕ್ಷವಾಯಿತು. ಮನೆಯ 2,52,000ಕ್ಕೆ ಇದನ್ನು ಕೂಡಿಸಿ 220ರಿಂದ ಭಾಗಿಸಲಾಗಿ ದಿನವೊಂದಕ್ಕೆ 1,600 ರೂಪಾಯಿಯಾಗುವುದು.

ಹಳೆಯ 900ಕ್ಕೇ ದುಡಿದವನ ಗತಿಯೇನು? 220 ದಿನಕ್ಕೆ 1,98,000 ಬಂದು, ವೆಚ್ಚ ಕಳೆದು ಮನೆಗೆ ಉಳಿಯುವುದು 98,000. ಇದರಲ್ಲಿ ಕ್ರೂರವಾದ ಸಂಗತಿಯೆಂದರೆ, ಮೊದಲ ವರ್ಷದಲ್ಲಿ ಇದು ತಿಳಿಯುವುದೇ ಇಲ್ಲ. ಯಂತ್ರಗಳು ಹೊಸವು, ಮೈಯಲ್ಲಿ ಕಸುವಿದೆ, ಬಂದ ಹಣವೆಲ್ಲ ತನ್ನದೇ ಎಂದು ತೋರುತ್ತದೆ. ಮೂರನೆಯ ವರ್ಷ ಗರಗಸದ ಮೋಟಾರು ಸುಟ್ಟ ದಿನ ಹೆಂಡತಿಯ ಬಳೆ ಅಡವಿಗೆ ಹೋಗುವುದು. 2023ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಯೇ ಮೊದಲಾದ 18 ಕಸುಬಿನವರಿಗೆ ಸಲಕರಣೆಗಾಗಿ 15,000 ರೂಪಾಯಿವರೆಗೆ ನೆರವೂ, ನೂರಕ್ಕೆ 5ರ ಬಡ್ಡಿಗೆ ಸಾಲವೂ ಗೊತ್ತುಪಡಿಸಲ್ಪಟ್ಟಿವೆ. ಉಪಯುಕ್ತವಾದದ್ದೇ. ಆದರೂ ಪುಕ್ಕಟೆಯಾಗಿ ಬಂದ ಸಲಕರಣೆಯೂ ಸವೆಯುವುದು, ಅದರ ಸವೆತವನ್ನು ಕೂಲಿಯಲ್ಲಿ ಹಿಡಿಯದಿದ್ದರೆ ಎರಡನೆಯದನ್ನು ಕೊಳ್ಳಲು ಕೈಯಲ್ಲಿ ಕಾಸಿರುವುದಿಲ್ಲ.

ಊರಿನಲ್ಲಿ 1,300ರ ಮೇಲೆ ಯಾರೂ ಕೊಡುವುದಿಲ್ಲವೆಂದರೆ? ಆಗ ಕಣ್ಣು ಹಾಯಿಸಬೇಕಾದದ್ದು ಕೂಲಿಯಿಲ್ಲದ ದಿನಗಳ ಕಡೆಗೆ. ಒಂದೇ ಬೀದಿಯ ಕೆಲಸಗಳನ್ನು ಒಟ್ಟಿಗೆ ಹಿಡಿದು, ಸಾಮಾನನ್ನು ಒಂದೇ ಸಲ ತಂದು, 50 ದಿನದ ಅಲೆದಾಟವನ್ನು 30ಕ್ಕೆ ಇಳಿಸಿದರೆ, ಬೇಕಾಗುವ ಕೂಲಿ ಸುಮಾರು 1,470ಕ್ಕೆ ಇಳಿಯುವುದು. ಉಳಿದುದನ್ನು ಅಳತೆಯ ಮೇಲಣ ಗುತ್ತಿಗೆಯಲ್ಲಿ ಕೈಚಳಕದಿಂದ ತುಂಬಿಕೊಳ್ಳಬಹುದು. ಗುತ್ತಿಗೆಯಲ್ಲಿಯೂ ಎಚ್ಚರಿಕೆ ಬೇಕು. 8 ಅಡಿಗೆ 4 ಅಡಿಯ ಪ್ಲೈವುಡ್ ಹಲಗೆಗೆ 32 ಚದರ ಅಡಿಯ ಬೆಲೆ ತೆರಬೇಕು, ಕೊಯ್ದ ಮೇಲೆ ಉಪಯೋಗಕ್ಕೆ ಬರುವುದು ಅಷ್ಟಿರುವುದಿಲ್ಲ. ಹಳೆಯ ಮನೆಯ ಗೋಡೆ ನೆಟ್ಟಗಿರುವುದು ಅಪರೂಪ, ಅದಕ್ಕೆ ಹೊಂದಿಸುವುದರಲ್ಲಿಯೇ ಅರ್ಧ ದಿನ ಹೋಗುವುದು.

ಕೆಲವರು ಕೂಲಿಯನ್ನು ಕಡಮೆ ಹೇಳಿ, ಸಾಮಾನು ಕೊಂಡ ಅಂಗಡಿಯಿಂದ ಗುಟ್ಟಾಗಿ ಕಮಿಷನ್ ಪಡೆದು ಸರಿದೂಗಿಸುವರು. ಲೋಕವು ಇದನ್ನು ಜಾಣತನವೆನ್ನಬಹುದು. ಗಿರಾಕಿಯ ಹಣದಿಂದ ಗಿರಾಕಿಗೆ ತಿಳಿಯದಂತೆ ತೆಗೆದದ್ದಕ್ಕೆ ಶರಣರು ಬೇರೆ ಹೆಸರು ಕೊಟ್ಟಾರು. ಸಾಮಾನಿನ ರಶೀದಿಯನ್ನು ಮುಂದಿಟ್ಟು, 1,600ನ್ನು ಬಾಯಿಬಿಟ್ಟು ಕೇಳುವುದೇ ಲೇಸು.

ಮಠದ ಕೆಲಸಕ್ಕೋ, ಬಡ ವಿಧವೆಯ ಮನೆಯ ಬಾಗಿಲಿಗೋ ಕೂಲಿಯನ್ನು ಬಿಡಬಾರದೆಂದು ಇದರ ಅರ್ಥವಲ್ಲ. ಆದರೆ ಚೀಟಿಯಲ್ಲಿ ಪೂರ್ಣ ಮೊತ್ತವನ್ನು ಬರೆದು, ಕೆಳಗೆ ಬಿಟ್ಟ ಮೊತ್ತವನ್ನು ಕಾಣಿಸತಕ್ಕದ್ದು. ವರ್ಷದಲ್ಲಿ ಎಷ್ಟು ದಾಸೋಹವಾಯಿತು, ಎಷ್ಟು ಲೆಕ್ಕ ತಪ್ಪಿ ಸೋರಿಹೋಯಿತು ಎಂಬುದು ಆಗ ಬೇರೆಬೇರೆಯಾಗಿ ಕಾಣುವುದು.

ಚೌಕಾಶಿಯ ಗಿರಾಕಿಗೆ ಮಾತ್ರ ಬೇರೆ ಉತ್ತರ. ಅವನಿಗೆ ದರವನ್ನು ಇಳಿಸುವ ಬದಲು ಕೆಲಸವನ್ನು ಇಳಿಸಿ ತೋರಿಸಬೇಕು: ಸಾಗುವಾನಿಯ ಬದಲು ಬೇವು ಆಗಬಹುದೇ, ಕಪಾಟಿಗೆ ನಾಲ್ಕು ಎಳೆಪೆಟ್ಟಿಗೆಯ ಬದಲು ಎರಡು ಸಾಕೇ, ಮೆರುಗನ್ನು ಮುಂದಿನ ವರ್ಷ ಕೊಟ್ಟರಾದೀತೇ ಎಂದು ಕೇಳಬೇಕು. ದರದ ಪುಸ್ತಕವನ್ನಾದರೋ ವರ್ಷಕ್ಕೊಮ್ಮೆ, ದೀಪಾವಳಿಯಲ್ಲಿ ಅಂಗಡಿಯವರು ಹೊಸ ಖಾತೆ ತೆರೆಯುವ ದಿನವೇ, ತಿದ್ದಿಕೊಂಡು ಹಳೆಯ ಗಿರಾಕಿಗಳಿಗೆ ಮೊದಲು ತಿಳಿಸತಕ್ಕದ್ದು.